ಹಾಡಿದವರ ಹೆಸರು

1984ರ ಜುಲೈ ತಿಂಗಳಿರಬೇಕು. ನನಗಾಗ ಹತ್ತು ವರ್ಷ. ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ರಸ್ತೆಯಲ್ಲಿ ಪುಂಜಾಲಕಟ್ಟೆಗೆ ಸ್ವಲ್ಪ ಮೊದಲು ಇಳಿದು ತೋಡು ದಾಟಿದರೆ ನಮ್ಮ ಮನೆ. ಏಣೆಲು ಬೆಳೆಗೆ ನೇಜಿ ನೆಡುವ ಕೆಲಸ ನಡೆಯುತ್ತಿತ್ತು. ಆ ದಿನ ಬೆಳಿಗ್ಗೆ ಪ್ಯಾಂಟು ಮಡಚಿಕೊಂಡು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಟೇಪ್ ರೆಕಾರ್ಡರನ್ನು ಎದೆಗವಚಿಕೊಂಡು ಒಬ್ಬ ಯುವಕ ನಮ್ಮ ಅಂಗಳಕ್ಕೆ ಬಂದ. ವಿಶ್ವವಿದ್ಯಾಲಯದಿಂದ ಬಂದವನು, ಸಂಶೋಧನೆ ಮಾಡುತ್ತಿದ್ದಾನೆ ಎಂದು ಅಪ್ಪ ಹೇಳಿದರು. ಅವನಿಗೆ ಬೇಕಾಗಿದ್ದುದು ಅಜ್ಜಿಯ ಪಾಡ್ದನ.

ಜಗಲಿಯಲ್ಲಿ ಕುಳಿತು ಹಾಡಿ ಎಂದು ಅವನು ಕೇಳಿಕೊಂಡ. ಅಜ್ಜಿ ಒಂದೆರಡು ಸಾಲು ಹಾಡಿ ನಿಲ್ಲಿಸಿಬಿಟ್ಟಳು. "ಕುಳಿತುಕೊಂಡರೆ ಬರುವುದಿಲ್ಲ ಮಗಾ, ಗದ್ದೆಗೆ ಇಳಿಯಬೇಕು. ಪಡಿ ಹಾಡುವವರೂ ಬೇಕು" ಎಂದಳು. ಕೊನೆಗೆ ಅವನೇ ಗದ್ದೆಯ ಬದುವಿನಲ್ಲಿ ಕೊಡೆ ಹಿಡಿದು ನಿಂತ. ಅಜ್ಜಿ ಬಗ್ಗಿ ನೇಜಿ ಊರುತ್ತಾ ಒಂದು ಸಾಲು ಎತ್ತುವುದು, ಉಳಿದ ಹೆಂಗಸರು ಅದನ್ನು ತಿರುಗಿ ಹೇಳುವುದು, ಹೀಗೆ ಮಧ್ಯಾಹ್ನದ ಗಂಜಿಯವರೆಗೆ ನಡೆಯಿತು. ಎರಡು ಕ್ಯಾಸೆಟ್ ತುಂಬಿದವು. ಹೊರಡುವಾಗ "ಇದರದ್ದೇ ಇನ್ನೊಂದು ಕ್ಯಾಸೆಟ್ ಮಾಡಿಸಿ ತಂದುಕೊಡುತ್ತೇನೆ ಅಜ್ಜಿ" ಎಂದ. ಮತ್ತೆ ಬರಲಿಲ್ಲ. ಅಜ್ಜಿ 1991ರ ಮಳೆಗಾಲದಲ್ಲಿ ತೀರಿಕೊಳ್ಳುವವರೆಗೂ, ಹೆಗಲಿಗೆ ಚೀಲ ಹಾಕಿಕೊಂಡು ಯಾರೇ ಅಂಗಳಕ್ಕೆ ಬಂದರೂ "ಟೇಪಿನವರಾ?" ಎಂದು ಕೇಳುತ್ತಿದ್ದಳು.

ಆ ಯುವಕನನ್ನು ದೂರಲು ಇದನ್ನು ಬರೆಯುತ್ತಿಲ್ಲ. ಮುಂದೆ ನಾನೂ ಸಮಾಜಶಾಸ್ತ್ರ ಓದಿದೆ, ನಾನೂ ಚೀಲ ಹಾಕಿಕೊಂಡು ಇನ್ನೊಬ್ಬರ ಅಂಗಳಕ್ಕೆ ಹೋದೆ. ಅವನಿಗಿಂತ ಚೆನ್ನಾಗಿ ನಡೆದುಕೊಂಡೆ ಎಂದು ಹೇಳುವ ಧೈರ್ಯ ನನಗಿಲ್ಲ. ನಮ್ಮ ಈ ದಾರಿಯಲ್ಲಿ, ಎಂದರೆ ಬಂಟ್ವಾಳ, ಬೆಳ್ತಂಗಡಿ, ವೇಣೂರು, ಮೂಡುಬಿದಿರೆಗಳನ್ನು ಸುತ್ತಿಬರುವ ದಾರಿಯಲ್ಲಿ, ಪ್ರಶ್ನೆ ಕೇಳುತ್ತಾ ಬಂದವರ ಇತಿಹಾಸ ಇನ್ನೂರು ವರ್ಷಗಳಿಗಿಂತ ಹಿಂದಕ್ಕೆ ಹೋಗುತ್ತದೆ. ಆ ಇತಿಹಾಸವನ್ನು ಉತ್ತರ ಕೊಟ್ಟವರ ಕಡೆಯಿಂದ ನೋಡಬೇಕೆಂದು ಬಹಳ ಕಾಲದಿಂದ ಅನಿಸುತ್ತಿತ್ತು.

ಈ ದಾರಿಯಲ್ಲಿ ಪುಸ್ತಕ ಹಿಡಿದು ಬಂದ ಮೊದಲಿಗರಲ್ಲಿ ಫ್ರಾನ್ಸಿಸ್ ಬುಕನನ್ ಒಬ್ಬ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪುವಿನ ರಾಜ್ಯದ ಭಾಗವಾಗಿದ್ದ ಕೆನರಾ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು. ಹೊಸದಾಗಿ ಸಿಕ್ಕಿದ ನೆಲದಲ್ಲಿ ಏನೇನಿದೆ ಎಂದು ತಿಳಿಯಲು ಗವರ್ನರ್ ಜನರಲ್ ವೆಲ್ಲೆಸ್ಲಿ ಈ ವೈದ್ಯನನ್ನು ಕಳುಹಿಸಿದ. 1800ರ ಏಪ್ರಿಲಿನಲ್ಲಿ ಮದರಾಸಿನಿಂದ ಹೊರಟ ಬುಕನನ್ ಮೈಸೂರು, ಮಲಬಾರು ಸುತ್ತಿ 1801ರ ಆರಂಭದಲ್ಲಿ ನಮ್ಮ ಸೀಮೆಗೆ ಬಂದ. ಬಂಟ್ವಾಳ, ಬೆಳ್ತಂಗಡಿ, ವೇಣೂರು, ಮೂಡುಬಿದಿರೆ, ಕಾರ್ಕಳ ಎಂದು ಅವನ ಮಜಲುಗಳು ಸಾಗುತ್ತವೆ. ಮೂರು ಸಂಪುಟಗಳ ಅವನ ಪ್ರವಾಸ ಕಥನ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು.

ಆ ಪುಸ್ತಕವನ್ನು ಓದುವಾಗ ನನಗೆ ಆಶ್ಚರ್ಯವಾದದ್ದು ಅವನ ಪ್ರಶ್ನೆಗಳ ಪರಿಚಿತತೆ. ಗದ್ದೆಗೆ ಎಷ್ಟು ಬೀಜ, ಎಷ್ಟು ಗೇಣಿ, ಕೂಲಿಯಾಳಿಗೆ ದಿನಕ್ಕೆ ಎಷ್ಟು ಅಕ್ಕಿ, ಯಾವ ಜಾತಿಯವರು ಯಾರನ್ನು ಮದುವೆಯಾಗುತ್ತಾರೆ, ಆಸ್ತಿ ಮಗನಿಗೋ ಅಳಿಯನಿಗೋ, ಯಾವ ಭೂತಕ್ಕೆ ಏನು ಬಲಿ. ಸುಮಾರು ಇನ್ನೂರು ವರ್ಷಗಳ ಮೇಲೆ ನಾನು ಹಿಡಿದುಕೊಂಡು ಹೋದ ಪ್ರಶ್ನಾವಳಿಯಲ್ಲಿದ್ದುದೂ ಹೆಚ್ಚುಕಡಿಮೆ ಇವೇ. ಕಂಪನಿಗೆ ತೆರಿಗೆಯ ಲೆಕ್ಕ ಬೇಕಿತ್ತು, ನನಗೆ ಪದವಿ ಬೇಕಿತ್ತು. ಈ ಪ್ರಾಂತ್ಯದ ಪ್ರವಾಸದಲ್ಲಿ ಬುಕನನ್ ಜೈನ ಗುರುಗಳನ್ನು ಬರಮಾಡಿಕೊಂಡು ಅವರ ಮತದ ವಿಷಯ ಕೇಳಿ ಬರೆದುಕೊಂಡ. ಅವರನ್ನು ಪಂಡಿತಾಚಾರ್ಯ ಸ್ವಾಮಿ ಎಂದು ಬಿರುದಿನ ಸಮೇತ ನಮೂದಿಸಿದ. ಗದ್ದೆಯ ಲೆಕ್ಕ ಹೇಳಿದ ಒಕ್ಕಲು ಮಕ್ಕಳು ಅವನಲ್ಲಿ ಜಾತಿಯ ಹೆಸರಾಗಿ, 'ಇಲ್ಲಿಯ ಜನ' ಆಗಿ ಉಳಿದರು.

ಆಮೇಲಿನ ಶತಮಾನದಲ್ಲಿ ಪ್ರಶ್ನೆಗಳು ಹಾಡಿನ ಕಡೆಗೂ ತಿರುಗಿದವು. ಬಾಸೆಲ್ ಮಿಶನ್ನಿನ ಎ. ಮ್ಯಾನರ್ 1886ರಲ್ಲಿ ಮಂಗಳೂರಿನ ಮಿಶನ್ ಪ್ರೆಸ್ಸಿನಲ್ಲಿ 'ಪಾಡ್ದನೊಳು' ಎಂಬ ತುಳು ಸಂಗ್ರಹವನ್ನು ಅಚ್ಚು ಹಾಕಿಸಿದ. ಅದೇ ವರ್ಷ ಅವನ ತುಳು–ಇಂಗ್ಲಿಷ್ ನಿಘಂಟೂ ಬಂತು. ಈ ಜಿಲ್ಲೆಯಲ್ಲಿ ನ್ಯಾಯಾಧೀಶನಾಗಿದ್ದ ಎ.ಸಿ. ಬರ್ನೆಲ್ ಭೂತಾರಾಧನೆಯ ಬಗ್ಗೆ ಸಂಗ್ರಹಿಸಿದ್ದ ಸಾಮಗ್ರಿ, ಅವನು ತೀರಿಕೊಂಡ ಮೇಲೆ, 1894ರಿಂದ 1897ರವರೆಗೆ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಪ್ರಕಟವಾಯಿತು. ಭೂತಾರಾಧನೆಗೆ ಅಲ್ಲಿ ಕೊಟ್ಟ ಹೆಸರು ಪಿಶಾಚಿ ಪೂಜೆ ಎಂಬರ್ಥದ್ದು. ಹೆಸರು ಹೇಗೇ ಇರಲಿ, ಅವರು ಬರೆದಿಡದಿದ್ದರೆ ಆ ಕಾಲದ ಪಾಡ್ದನಗಳ ಪಾಠ ನಮಗೆ ಸಿಗುತ್ತಿರಲಿಲ್ಲ. ತುಳು ಜಾನಪದದ ಬಗ್ಗೆ ಇಂದು ಯಾರೇ ಬರೆಯಲಿ, ಮ್ಯಾನರ್ ಸಂಗ್ರಹ, ಬರ್ನೆಲ್ ಸಂಗ್ರಹ ಎಂದು ಕೃತಜ್ಞತೆಯಿಂದಲೇ ನೆನೆಯುತ್ತಾರೆ. ಸಂಗ್ರಹಿಸಿದವರ ಹೆಸರಿನಲ್ಲಿ ನೆನೆಯುತ್ತೇವೆ, ಅಷ್ಟೆ. ಹಾಡಿದವರ ಹೆಸರಿನಲ್ಲಿ ನೆನೆಯುವ ರೂಢಿ ನಮಗಿರಲಿಲ್ಲ.

1909ರಲ್ಲಿ ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜಾತಿ ಮತ್ತು ಬುಡಕಟ್ಟುಗಳ ಬಗ್ಗೆ ಏಳು ಸಂಪುಟ ಹೊರತಂದ. ಮದರಾಸಿನ ಸರಕಾರಿ ವಸ್ತುಸಂಗ್ರಹಾಲಯದ ಮುಖ್ಯಸ್ಥನಾಗಿದ್ದ ಅವನು ಜನರ ತಲೆ, ಮೂಗುಗಳ ಅಳತೆ ತೆಗೆಯುತ್ತಿದ್ದ. ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಜಿಲ್ಲೆಯ ಬಂಟರು, ಬಿಲ್ಲವರು, ಕೊರಗರು ಅಕಾರಾದಿಯಾಗಿ ಆ ಸಂಪುಟಗಳೊಳಗೆ ಬಂದು ಕುಳಿತರು. ಅಳತೆಗೆ ಸಿಕ್ಕಿದ ವ್ಯಕ್ತಿಗಿಂತ ಅಳತೆಯ ಸರಾಸರಿಗೆ ಅಲ್ಲಿ ಹೆಚ್ಚು ಬೆಲೆ.

ಸ್ವಾತಂತ್ರ್ಯದ ನಂತರ ಬಂದವರು ಬೇರೆ ರೀತಿಯವರು. ಅಮೆರಿಕದ ಪೀಟರ್ ಕ್ಲಾಸ್ 1960ರ ದಶಕದ ಕೊನೆಯಲ್ಲಿ ತುಳುನಾಡಿಗೆ ಬಂದು ಇಲ್ಲಿಯೇ ಉಳಿದು, ತುಳು ಕಲಿತು ಕೆಲಸ ಮಾಡಿದರು. ಬಂಟ–ನಾಡವ ಸಮುದಾಯದ ಬಂಧುತ್ವ ವ್ಯವಸ್ಥೆಯ ಮೇಲೆ ಅವರು ಬರೆದ ಪ್ರಬಂಧಕ್ಕೆ 1970ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯ ಪಿಎಚ್.ಡಿ. ಕೊಟ್ಟಿತು. ಬಂಧುತ್ವವನ್ನು ಹುಡುಕಿಕೊಂಡು ಬಂದವರು ಮುಂದೆ ಸಿರಿಯ ಬೆನ್ನು ಹತ್ತಿದರು. ಇದು ಸಹಜವೇ. ಅಳಿಯಸಂತಾನದ ಈ ನಾಡಿನಲ್ಲಿ ಮನೆತನ ಹೆಣ್ಣಿನ ಮೂಲಕ ಮುಂದುವರಿಯುತ್ತದೆ. ಸಿರಿಯ ಸಂದಿಯೂ ಹೆಣ್ಣಿನ ಮೂಲಕವೇ ಮುಂದುವರಿಯುವ ಕಥೆ.

ಕಥೆ ಗೊತ್ತಿಲ್ಲದವರಿಗಾಗಿ ಒಂದು ಮಾತು. ಬಸ್ರೂರಿನ ಕಾಂತು ಪೂಂಜನನ್ನು ಮದುವೆಯಾದ ಸಿರಿ ಗರ್ಭಿಣಿಯಾದಾಗ, ಅವಳಿಗೆಂದು ತಂದ ಬಯಕೆಯ ಸೀರೆಯನ್ನು ಗಂಡ ಮೊದಲು ತನ್ನ ಸೂಳೆಯ ಮನೆಗೆ ಒಯ್ಯುತ್ತಾನೆ. ಇನ್ನೊಬ್ಬಳು ಉಟ್ಟು ಬಿಟ್ಟ ಆ ಸೀರೆಯನ್ನು ಸಿರಿ ಮುಟ್ಟುವುದಿಲ್ಲ. ಮಗ ಕುಮಾರ ಹುಟ್ಟಿದ ಮೇಲೆ, ಗಂಡನ ಸಂಬಂಧವನ್ನು ತಾನೇ ಕಡಿದುಕೊಂಡು ಹೊರಡುತ್ತಾಳೆ. ಮತ್ತೆ ಮದುವೆಯಾಗುತ್ತಾಳೆ. ಅವಳ ಮಗಳು ಸೊನ್ನೆ, ಸೊನ್ನೆಯ ಅವಳಿ ಮಕ್ಕಳು ಅಬ್ಬಗ–ದಾರಗ. ಅಕ್ಕತಂಗಿಯರು ಚೆನ್ನೆಮಣೆ ಆಡುತ್ತಾ ಜಗಳವಾಗಿ ಸಾಯುವಲ್ಲಿಗೆ ಕಥೆ ಮುಗಿಯುತ್ತದೆ. ಕವತ್ತಾರು, ಹಿರಿಯಡಕ, ನಂದಳಿಕೆ ಮುಂತಾದ ಆಲಡೆಗಳಲ್ಲಿ ಹುಣ್ಣಿಮೆಯ ರಾತ್ರಿ ನಡೆಯುವ ಸಿರಿ ಜಾತ್ರೆಯಲ್ಲಿ ನೂರಾರು ಹೆಂಗಸರು ಹಿಂಗಾರದ ಎಸಳು ಹಿಡಿದು ಆವೇಶಗೊಂಡು, ತಾನು ಸಿರಿ, ತಾನು ಸೊನ್ನೆ ಎಂದು ಹೇಳಿಕೊಳ್ಳುತ್ತಾರೆ. ಕ್ಲಾಸ್ 1975ರಲ್ಲಿ ಇದರ ಬಗ್ಗೆ 'ಎತ್ನಾಲಜಿ' ಪತ್ರಿಕೆಯಲ್ಲಿ ಬರೆದ ಲೇಖನದಿಂದ ನಮ್ಮ ಆಲಡೆಗಳು ಜಗತ್ತಿನ ಮಾನವಶಾಸ್ತ್ರದ ತರಗತಿಗಳಿಗೆ ಹೋದವು.

ಇಷ್ಟರಲ್ಲಿ ಊರೊಳಗೂ ವಿಶ್ವವಿದ್ಯಾಲಯ ಬಂದಿತ್ತು. 1968ರಲ್ಲಿ ಕೊಣಾಜೆಯ ಗುಡ್ಡದಲ್ಲಿ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಶುರುವಾಯಿತು. 1980ರಲ್ಲಿ ಅದೇ ಮಂಗಳೂರು ವಿಶ್ವವಿದ್ಯಾಲಯವಾಯಿತು. ಬಂಟ್ವಾಳ ತಾಲೂಕಿನ ಪುಣಚದವರಾದ ಬಿ.ಎ. ವಿವೇಕ ರೈ ತುಳು ಜನಪದ ಸಾಹಿತ್ಯದ ಮೇಲೆ, ಕೆ. ಚಿನ್ನಪ್ಪ ಗೌಡರು ಭೂತಾರಾಧನೆಯ ಮೇಲೆ ಪಿಎಚ್.ಡಿ. ಪ್ರಬಂಧ ಬರೆದರು. ಕೇಳುವವನೂ ಹೇಳುವವನೂ ಒಂದೇ ಭಾಷೆಯವರು, ಹೆಚ್ಚುಕಡಿಮೆ ಒಂದೇ ಗದ್ದೆಯ ನೀರು ಕುಡಿದವರು ಎಂಬ ಸ್ಥಿತಿ ಆಗ ಬಂತು. ನನ್ನಂಥವರು ಸಂಶೋಧನೆ ಎಂಬ ಪದವನ್ನು ಕೇಳಿದ್ದು ಈ ಗಾಳಿಯಲ್ಲಿಯೇ.

1996ರಲ್ಲಿ ಎಂ.ಎ. ಕಿರುಪ್ರಬಂಧಕ್ಕಾಗಿ ನಾನು ಬೆಳ್ತಂಗಡಿ ತಾಲೂಕಿನ ಒಂದು ಗ್ರಾಮವನ್ನು ಆರಿಸಿಕೊಂಡೆ. ವಿಷಯ, ಭೂಸುಧಾರಣೆಯ ನಂತರದ ಬದಲಾವಣೆ. ಕರ್ನಾಟಕದ ಭೂಸುಧಾರಣಾ ಕಾಯ್ದೆಗೆ ಬಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿಯನ್ನು ರದ್ದು ಮಾಡಿತು. ಗೇಣಿಗೆ ಉಳುತ್ತಿದ್ದವನು 'ನಮೂನೆ 7' ತುಂಬಿ ಭೂ ನ್ಯಾಯಮಂಡಳಿಯ ಮುಂದೆ ಅರ್ಜಿ ಹಾಕಬೇಕು. ತಾನು ಉಳುತ್ತಿರುವುದು ಹೌದೆಂದು ರುಜುವಾದರೆ ಭೂಮಿ ಅವನದು. ನಮ್ಮ ಜಿಲ್ಲೆಯಲ್ಲಿ ಚಾಲಗೇಣಿಯ ಒಕ್ಕಲುಗಳೇ ಹೆಚ್ಚು. ವರ್ಷ ವರ್ಷ ಬಾಯಿಮಾತಿನಲ್ಲಿ ನಡೆಯುವ ಚಾಲಗೇಣಿಗೆ ಕಾಗದವೆಂಬುದು ಅಪರೂಪ. ಅಜ್ಜನ ಕಾಲದಿಂದ ಉತ್ತ ಗದ್ದೆಯ ದಾಖಲೆಯಲ್ಲಿ ಉತ್ತವನ ಹೆಸರೇ ಇಲ್ಲ. ಅರ್ಜಿ ಹಾಕುವ ಕೊನೆಯ ದಿನ 1979ರ ಜೂನ್ 30ಕ್ಕೆ ಮುಗಿಯುವವರೆಗೂ ಈ ಊರುಗಳಲ್ಲಿ ನಡೆದ ಗುದ್ದಾಟವೆಲ್ಲ ಒಂದು ಹೆಸರನ್ನು ಪಹಣಿಯ ಕಾಲಮಿನಲ್ಲಿ ಬರೆಸುವುದಕ್ಕಾಗಿ.

ನಾನು ಅರವತ್ತು ಮನೆಗಳಿಗೆ ಹೋದೆ. ಪ್ರಶ್ನಾವಳಿಯ ಹಾಳೆಗಳಿಗೆ ನಂಬರು ಕೊಟ್ಟಿದ್ದೆ. ಹದಿನಾಲ್ಕನೇ ನಂಬರಿನ ಮನೆಯಲ್ಲಿ ಒಬ್ಬ ಮುದುಕರು ಎರಡು ದಿನ ನನಗೆ ಸಮಯ ಕೊಟ್ಟರು. ನ್ಯಾಯಮಂಡಳಿಯ ಮುಂದೆ ಧಣಿಯ ಕಡೆಯ ವಕೀಲರು "ಈತ ನಮ್ಮ ಕೂಲಿಯಾಳು, ಗೇಣಿದಾರನಲ್ಲ" ಎಂದಾಗ, ಆ ಗದ್ದೆಯ ಒಂದೊಂದು ಕಟ್ಟಹುಣಿಯ ಹೆಸರು, ಯಾವ ವರ್ಷ ಎಲ್ಲಿ ಮಣ್ಣು ಜರಿದು ತಾನು ಕಟ್ಟಿದೆ ಎಂಬ ಲೆಕ್ಕ ಎಲ್ಲ ಹೇಳಿ ಸೈ ಎನಿಸಿಕೊಂಡದ್ದನ್ನು ವಿವರಿಸಿದರು. ಹೊರಡುವಾಗ "ಇದನ್ನೆಲ್ಲ ಬರೆದುಕೊಂಡು ಏನು ಮಾಡುತ್ತಿ?" ಎಂದು ಕೇಳಿದರು. ಪುಸ್ತಕ ಮಾಡುತ್ತೇನೆ, ತಂದು ತೋರಿಸುತ್ತೇನೆ ಎಂದೆ. ಅಜ್ಜಿಯ ಕ್ಯಾಸೆಟ್ಟು ನೆನಪಿದ್ದುದರಿಂದ ಆ ಮಾತನ್ನು ಉಳಿಸಿಕೊಂಡೆ. ಬೈಂಡ್ ಮಾಡಿಸಿದ ಪ್ರತಿ ಹಿಡಿದುಕೊಂಡು ಮರುವರ್ಷ ಹೋದೆ.

ಅವರು ಕೈ ತೊಳೆದುಕೊಂಡು ಬಂದು ಪುಸ್ತಕವನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಓದಲು ಬಾರದು. "ಯಾನ್ ಓಲುಲ್ಲೆ?" ಎಂದು ಕೇಳಿದರು. ನಾನು ಎಲ್ಲಿದ್ದೇನೆ ಎಂದು. ನಾನು ಪುಟ ತಿರುಗಿಸಿ ನಾಲ್ಕನೇ ಕೋಷ್ಟಕ ತೋರಿಸಿದೆ. ಭೂಮಿ ಪಡೆದ ಗೇಣಿದಾರರು, ಇಪ್ಪತ್ತಮೂರು ಮಂದಿ, ಶೇಕಡಾ ಇಷ್ಟು. ಈ ಇಪ್ಪತ್ತಮೂರರಲ್ಲಿ ನೀವೂ ಒಬ್ಬರು ಎಂದೆ. ಅವರು ಆ ಅಂಕಿಯನ್ನು ಬೆರಳಿನಿಂದ ಮುಟ್ಟಿ ನೋಡಿದರು. "ಫಾರ್ಮಿನಲ್ಲಾದರೂ ಹೆಸರಿತ್ತು" ಎಂದು ನಕ್ಕರು. ಕೋಪವೇನೂ ಇರಲಿಲ್ಲ. ಒಳಗಿನಿಂದ ಬೆಲ್ಲ, ನೀರು ತರಿಸಿದರು.

ಮಾಹಿತಿ ಕೊಟ್ಟವರ ಗುರುತು ಕಾಪಾಡಬೇಕು ಎಂದು ನಮ್ಮ ವಿಧಾನಶಾಸ್ತ್ರದ ಪುಸ್ತಕ ಹೇಳುತ್ತದೆ, ನಾನು ನಿಯಮ ಪಾಲಿಸಿದ್ದೆ. ಆದರೂ ಬಸ್ಸಿನಲ್ಲಿ ಬರುವಾಗ ಮನಸ್ಸಿಗೆ ಸಮಾಧಾನವಿರಲಿಲ್ಲ. ಐದು ವರ್ಷ ಕೋರ್ಟು ಕಚೇರಿ ಅಲೆದು ಒಂದು ಕಾಗದದ ಮೇಲೆ ಹೆಸರು ಬರೆಸಿದ ಮನುಷ್ಯನನ್ನು ಇನ್ನೊಂದು ಕಾಗದದ ಮೇಲೆ ನಾನು ಅಳಿಸಿದ್ದೆ. ಹೆಸರು ಬೇಕೋ ಬೇಡವೋ ಎಂದು ಒಂದು ಮಾತು ಕೇಳಿರಲಿಲ್ಲ.

ನಾನು ಇದನ್ನು ಮಾಡುತ್ತಿದ್ದ ಕಾಲಕ್ಕೆ ಅದೇ ಬೆಳ್ತಂಗಡಿ ತಾಲೂಕಿನಲ್ಲಿ, ಉಜಿರೆ ಬಳಿಯ ಮಾಚಾರಿನ ಗೋಪಾಲ ನಾಯ್ಕರ ಹಾಡು ಪುಸ್ತಕವಾಗುವ ಹಾದಿಯಲ್ಲಿತ್ತು. ಅದು ನನಗೆ ತಿಳಿದದ್ದು ತಡವಾಗಿ.

ಫಿನ್ಲೆಂಡಿನ ತುರ್ಕು ವಿಶ್ವವಿದ್ಯಾಲಯದ ಜಾನಪದ ವಿದ್ವಾಂಸ ಲೌರಿ ಹೊಂಕೊ ಮತ್ತು ಅವರ ಪತ್ನಿ ಅನೆಲಿ ಹೊಂಕೊ, ವಿವೇಕ ರೈ ಮತ್ತು ಚಿನ್ನಪ್ಪ ಗೌಡರ ಜೊತೆ ಸೇರಿ ಕೈಗೊಂಡ ಕೆಲಸ ಅದು. ಫಿನ್ಲೆಂಡಿನವರಿಗೆ ಮಹಾಕಾವ್ಯವೆಂದರೆ ಕಲೆವಾಲ. ಅದನ್ನು ಅಮೃತ ಸೋಮೇಶ್ವರರು ತುಳುವಿಗೆ ತಂದಿದ್ದಾರೆ. ಕಲೆವಾಲವನ್ನು ಎಲಿಯಾಸ್ ಲೋನ್ರೂಟ್ ಎಂಬ ವೈದ್ಯ ಹಳ್ಳಿ ಹಳ್ಳಿ ಅಲೆದು ಹಲವು ಹಾಡುಗಾರರಿಂದ ಕೇಳಿ, ಆಯ್ದು, ಜೋಡಿಸಿ ಕಟ್ಟಿದ. 1849ರ ಅದರ ದೊಡ್ಡ ಆವೃತ್ತಿಯಲ್ಲಿ 22,795 ಸಾಲುಗಳಿವೆ. ಯಾವ ಸಾಲು ಯಾರದ್ದು ಎಂದು ಪುಸ್ತಕ ಓದುವವನಿಗೆ ತಿಳಿಯದು. ಹೊಂಕೊ ತಮ್ಮ ದೇಶದ ಈ ಅನುಭವವನ್ನು ಚೆನ್ನಾಗಿ ಬಲ್ಲವರು. ಇಲ್ಲಿ ಅವರು ಬೇರೆ ದಾರಿ ಹಿಡಿದರು. ಒಬ್ಬನೇ ಹಾಡುಗಾರ, ಅವನು ಒಂದೇ ಬಾರಿ ಹಾಡಿದ ಪಾಠ, ಅದಕ್ಕೆ ಬೇರೆ ಕಡೆಯಿಂದ ಒಂದು ಸಾಲನ್ನೂ ಸೇರಿಸದೆ, ಅದರಿಂದ ಒಂದು ಸಾಲನ್ನೂ ತೆಗೆಯದೆ ಅಚ್ಚು ಹಾಕುವುದು.

ಗೋಪಾಲ ನಾಯ್ಕರು ಕೃಷಿ ಮಾಡಿಕೊಂಡು, ಸಿರಿ ಆರಾಧನೆಯ ತಂಡವೊಂದನ್ನು ಮುನ್ನಡೆಸುತ್ತಿದ್ದವರು. ಅವರ ಬಗ್ಗೆ ಹೊಂಕೊ ಹೇಳುವ ಒಂದು ಪ್ರಸಂಗ ನನಗೆ ಬಹಳ ಇಷ್ಟ. ನಾಯ್ಕರು ಮಂಗಳೂರು ಆಕಾಶವಾಣಿಗೆ ಕೋಟಿ–ಚೆನ್ನಯರ ಸಂದಿಯನ್ನು ಇಪ್ಪತ್ತು ನಿಮಿಷದಲ್ಲಿ ಹಾಡಿ ಕೊಟ್ಟಿದ್ದರು. ಅದೇ ಸಂದಿಯನ್ನು ಸಮಯದ ಮಿತಿಯಿಲ್ಲದೆ ಹಾಡಿ ಎಂದಾಗ ಹದಿನೈದು ಗಂಟೆಗಳಷ್ಟು ಹೊತ್ತು ಹಾಡಿದರು, ಏಳು ಸಾವಿರ ಸಾಲುಗಳಾದವು. ಹಾಡುಗಾರನ ಮನಸ್ಸಿನಲ್ಲಿ ಇರುವುದು ಬಾಯಿಪಾಠವಾದ ಒಂದು ಸಿದ್ಧ ಕಾವ್ಯವಲ್ಲ, ಸಂದರ್ಭ ಕೇಳಿದಷ್ಟು ಹಿಗ್ಗುವ, ಕುಗ್ಗುವ ಒಂದು 'ಮಾನಸಿಕ ಪಠ್ಯ' ಎಂಬ ಹೊಂಕೊ ಅವರ ಪ್ರಸಿದ್ಧ ವಾದ ಬೆಳೆದದ್ದು ಇಂಥ ಅನುಭವಗಳಿಂದ. ಇದನ್ನು ಓದಿದಾಗ ನನಗೆ ಅಜ್ಜಿ ಜಗಲಿಯಲ್ಲಿ ಹಾಡು ನಿಲ್ಲಿಸಿದ್ದು ನೆನಪಾಯಿತು. ಅವಳಿಗೆ ಮರೆತು ಹೋಗಿತ್ತು ಎಂದು ನಾನು ಅಂದುಕೊಂಡಿದ್ದೆ. ಗದ್ದೆ, ಮಳೆ, ಪಡಿ ಹೇಳುವವರು ಇಲ್ಲದೆ ಅವಳ ಮನಸ್ಸಿನ ಪಠ್ಯಕ್ಕೆ ದಾರಿ ಸಿಕ್ಕಿರಲಿಲ್ಲ.

1990ರ ಡಿಸೆಂಬರಿನಲ್ಲಿ ನಾಯ್ಕರು ಸಿರಿ ಸಂದಿಯನ್ನು ದಿನಗಟ್ಟಲೆ ಹಾಡಿದರು. ಧ್ವನಿಮುದ್ರಣ, ಲಿಪ್ಯಂತರ, ಇಂಗ್ಲಿಷ್ ಅನುವಾದ ಎಲ್ಲ ಮುಗಿದು 1998ರಲ್ಲಿ ಹೆಲ್ಸಿಂಕಿಯಿಂದ ಎರಡು ಸಂಪುಟಗಳಲ್ಲಿ ಕಾವ್ಯ, ಜೊತೆಗೆ ಅದರ ಅಧ್ಯಯನದ ಒಂದು ದೊಡ್ಡ ಸಂಪುಟ ಹೊರಬಂದವು. ಒಟ್ಟು 15,683 ಸಾಲುಗಳು. ಹೋಮರನ ಇಲಿಯಡ್‌ನಲ್ಲಿ ಇರುವುದು 15,693. ಹತ್ತೇ ಸಾಲು ಕಡಿಮೆ. ಈ ಹೋಲಿಕೆ ನಮ್ಮ ಕಡೆಯ ಭಾಷಣಗಳಲ್ಲಿ ಆಗಾಗ ಬರುತ್ತದೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು ರಕ್ಷಾಪುಟ. ಅದರ ಮೇಲಿನ ಹೆಸರು, ಗೋಪಾಲ ನಾಯ್ಕರು ಹಾಡಿದ ಸಿರಿ ಕಾವ್ಯ ಎಂಬರ್ಥದ್ದು. ಬುಕನನ್ ಈ ದಾರಿಯಲ್ಲಿ ಬಂದು ಹೋದ ನೂರ ತೊಂಬತ್ತೇಳು ವರ್ಷಗಳ ಮೇಲೆ ಬೆಳ್ತಂಗಡಿಯ ಒಬ್ಬ ರೈತನ ಹೆಸರು, ಅವನು ಹೇಳಿದ ಮಾತಿನ ಒಡೆಯನಾಗಿ, ಪುಸ್ತಕದ ಹಣೆಯ ಮೇಲೆ ಬಂತು. ಅದು ಪಹಣಿಯಲ್ಲಿ ಹೆಸರು ಏರಿದ ಹಾಗೆಯೇ ನನಗೆ ಕಂಡಿತು.

ಹಾಗಾದರೆ ಎಲ್ಲರ ಹೆಸರನ್ನೂ ಬರೆದುಬಿಟ್ಟರೆ ಸರಿಹೋಗುತ್ತದೆಯೇ? ನನ್ನದೇ ಅರವತ್ತು ಹಾಳೆಗಳಲ್ಲಿ ಇನ್ನೊಂದು ಹಾಳೆ ಇದೆ. ಅದೇ ಗ್ರಾಮದ ಗುಡ್ಡದ ಬದಿಯಲ್ಲಿ ಬುಟ್ಟಿ ಹೆಣೆದು ಬದುಕುತ್ತಿದ್ದ ಕೊರಗರ ಕುಟುಂಬಗಳಿದ್ದವು. ಅವರಲ್ಲಿ ಒಬ್ಬರು ಅಜಲು ಪದ್ಧತಿಯ ಬಗ್ಗೆ ಹೇಳಿದರು. ಮೇಲಿನ ಜಾತಿಯವರ ಕಂಟಕ ಕಳೆಯಲೆಂದು ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಲು ಕೊಡುವುದು, ಕಂಬಳದ ಕರೆಯಲ್ಲಿ ಕೋಣಗಳಿಗಿಂತ ಮೊದಲು ಅವರನ್ನು ಓಡಿಸುವುದು, ಇವೆಲ್ಲ ಅದರಲ್ಲಿ ಸೇರಿವೆ. ಯಾವ ಮನೆಯಲ್ಲಿ, ಯಾವ ವರ್ಷ ಎಂಬುದನ್ನೂ ಹೇಳಿದರು. ಹೇಳಿ ಮುಗಿಸಿ ನನ್ನ ಪೆನ್ನಿನ ಕಡೆ ನೋಡಿ "ನನ್ನ ಹೆಸರು ಬೇಡ ಅಣ್ಣಾ, ನಾಳೆ ನಾನು ಅವರ ಅಂಗಳಕ್ಕೇ ಹೋಗಬೇಕು" ಎಂದರು. ಕರ್ನಾಟಕ ಸರಕಾರ ಅಜಲನ್ನು ನಿಷೇಧಿಸುವ ಕಾಯ್ದೆ ತಂದದ್ದು 2000ದಲ್ಲಿ. ನಾನು ಕೇಳುತ್ತಿದ್ದಾಗ ಅದನ್ನು ನಿಲ್ಲಿಸಲು ಅಂಥ ಪ್ರತ್ಯೇಕ ಕಾನೂನು ಇರಲಿಲ್ಲ. ಅಂಥ ಕಾಯ್ದೆಯ ಹಿಂದೆ ಸಮುದಾಯದ ಹೋರಾಟ ಇರುತ್ತದೆ, ಹೆಸರಿಲ್ಲದ ಇಂಥ ಎಷ್ಟೋ ಸಾಕ್ಷ್ಯಗಳೂ ಇರುತ್ತವೆ. ಆ ಹಾಳೆಯಲ್ಲಿ ನಂಬರು ಮಾತ್ರ ಇರುವುದು ಸರಿ. ಅವರ ಊರಿನ ಹೆಸರನ್ನು ನಾನು ಇಂದಿಗೂ ಯಾರಿಗೂ ಹೇಳಿಲ್ಲ.

ಎರಡು ಹಾಳೆಗಳಲ್ಲಿಯೂ ಹೆಸರಿನ ಜಾಗ ಖಾಲಿ. ಒಂದರಲ್ಲಿ ಹೇಳಿದವರೇ ಬೇಡವೆಂದರು. ಇನ್ನೊಂದರಲ್ಲಿ ನಾನೇ ತೀರ್ಮಾನ ಮಾಡಿದ್ದೆ. ಹೊರಗಿನಿಂದ ನೋಡುವವನಿಗೆ ಎರಡೂ ಒಂದೇ ನಿಯಮದ ಪಾಲನೆಯಂತೆ ಕಾಣುತ್ತವೆ. ಸಮಾಜಶಾಸ್ತ್ರ ನನಗೆ ಕಲಿಸಿದ್ದು ಹೆಸರು ಮುಚ್ಚುವುದನ್ನು, ಜಾನಪದದವರು ಈಚೆಗೆ ಕಲಿತದ್ದು ಹೆಸರು ಬರೆಯುವುದನ್ನು. ಈ ಎರಡಕ್ಕೂ ಮೊದಲು ಹೇಳಿದವರನ್ನು ಕೇಳಬೇಕು ಎಂಬುದನ್ನು ಕಲಿಯಲು ನನಗೆ ಈ ಇಬ್ಬರು ಮನುಷ್ಯರು ಬೇಕಾದರು.

ಕೇಳಿ ಪಡೆಯುವುದು, ಬೇಡ ಎಂದರೆ ಬಿಡುವುದು ನಮ್ಮ ಸೀಮೆಗೆ ಹೊಸದೇನಲ್ಲ. ಬೆಳ್ತಂಗಡಿಯಿಂದ ಗುರುವಾಯನಕೆರೆ, ವೇಣೂರುಗಳ ಮೇಲಾಗಿ ಮೂಡುಬಿದಿರೆಗೆ ಹೋದರೆ ಅದಕ್ಕೆ ಒಳ್ಳೆಯ ಉದಾಹರಣೆ ಸಿಗುತ್ತದೆ. ಅಲ್ಲಿಯ ಜೈನರು ಷಟ್ಖಂಡಾಗಮದ ಧವಲಾ ವ್ಯಾಖ್ಯಾನದ ತಾಳೆಗರಿಗಳನ್ನು ಶತಮಾನಗಳ ಕಾಲ ಕಾಪಾಡಿಕೊಂಡು ಬಂದರು. ಯಾತ್ರಿಕರಿಗೆ ದರ್ಶನ ಸಿಗುತ್ತಿತ್ತು, ಪ್ರತಿ ಸಿಗುತ್ತಿರಲಿಲ್ಲ. ಉತ್ತರ ಭಾರತದ ಶ್ರಾವಕರು ಎಷ್ಟೋ ಸಲ ಕೇಳಿಕೊಂಡ ಮೇಲೆ ಹತ್ತೊಂಬತ್ತನೇ ಶತಮಾನದ ಕೊನೆಗೆ ಅಲ್ಲಿಯೇ ಕುಳಿತು ಪ್ರತಿ ಮಾಡಲು ಒಪ್ಪಿಗೆ ಸಿಕ್ಕಿತು. ಪ್ರತಿ ಮಾಡಲು ಬಂದವರು ಗುಟ್ಟಾಗಿ ಇನ್ನೊಂದು ಪ್ರತಿ ಮಾಡಿಕೊಂಡು ಹೋದ ಕಥೆಯೂ ಇದೆ, ಅದು ಸಹಾರನಪುರದವರೆಗೆ ಹೋಯಿತು. ಕೊನೆಗೆ ಹೀರಾಲಾಲ್ ಜೈನರ ಸಂಪಾದನೆಯಲ್ಲಿ 1939ರಿಂದ 1959ರವರೆಗೆ ಹದಿನಾರು ಸಂಪುಟಗಳಾಗಿ ಧವಲಾ ಅಚ್ಚಾಯಿತು. ಹೀಗೆ ಬೇಡ ಎನ್ನುವ, ಷರತ್ತು ಹಾಕುವ, ತಡಮಾಡುವ ಅಧಿಕಾರ ತಾಳೆಗರಿ ಇದ್ದವರ ಕೈಯಲ್ಲಿತ್ತು. ನೆನಪಿನಲ್ಲಿ ಮಾತ್ರ ಇಟ್ಟುಕೊಂಡ ಅಜ್ಜಿಯಂಥವರಿಗೆ ಆ ಅಧಿಕಾರ ಉಂಟೆಂದು ಯಾರಿಗೂ ಹೊಳೆದಿರಲಿಲ್ಲ. ಬಾಗಿಲಿಲ್ಲದ ಭಂಡಾರ, ಬಂದವರು ತೆಗೆದುಕೊಂಡು ಹೋಗಬಹುದು ಎಂದು ಅವಳೂ ಅಂದುಕೊಂಡಿದ್ದಳೇನೋ.

ಈಗ ನಮ್ಮ ಗದ್ದೆಯಲ್ಲಿ ಭತ್ತವಿಲ್ಲ. 1990ರ ದಶಕದಲ್ಲಿಯೇ ಅಡಿಕೆ ಹಾಕಿದೆವು. ಪಕ್ಕದ ಗುಡ್ಡಕ್ಕೆ ರಬ್ಬರು ಬಂತು. ಅಡಿಕೆ ತೋಟದಲ್ಲಿ ಸಾಲುಗಟ್ಟಿ ಬಗ್ಗಿ ಮಾಡುವ ಕೆಲಸವಿಲ್ಲ, ಆದ್ದರಿಂದ ಸಾಲು ಎತ್ತುವವರೂ ಪಡಿ ಹೇಳುವವರೂ ಇಲ್ಲ. ಬಂಟ್ವಾಳದಲ್ಲಿ ತುಕಾರಾಮ ಪೂಜಾರಿಯವರು ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ಸಂಗ್ರಹಾಲಯಕ್ಕೆ ಹೋದಾಗಲೆಲ್ಲ ಅಲ್ಲಿಯ ಹಳೆಯ ಮನೆವಾರ್ತೆಯ, ಬೇಸಾಯದ ಸಾಮಾನುಗಳ ಮುಂದೆ ನಿಲ್ಲುತ್ತೇನೆ. ನೊಗವನ್ನು, ಕಳಸೆಯನ್ನು ಗೋಡೆಗೆ ಒರಗಿಸಿ ಉಳಿಸಬಹುದು. ಹಾಡನ್ನು ಹಾಗೆ ಉಳಿಸಲಾಗುವುದಿಲ್ಲ. ಅದನ್ನು ಉಳಿಸಿದವರು ಕೊನೆಗೂ ಆ ಚೀಲದವರೇ, ಅವರಲ್ಲಿ ಕೆಲವರು. ಅವರ ಬಗೆಗಿನ ನನ್ನ ದೂರು ಕೃತಜ್ಞತೆಯಿಂದ ಬಿಡಿಸಿಕೊಳ್ಳಲಾಗದ್ದು.

ಕಳೆದ ವರ್ಷ ಊರಿಗೆ ಹೋದಾಗ ಅಮ್ಮನ ಎದುರು ಒಂದು ನೋಟುಬುಕ್ಕು ಹಿಡಿದು ಕುಳಿತೆ. ಅಜ್ಜಿ ಹಾಡುತ್ತಿದ್ದುದರಲ್ಲಿ ನೆನಪಿರುವಷ್ಟನ್ನು ಹೇಳು ಎಂದೆ. ಅಮ್ಮನೂ ಸೊಸೆಯಾಗಿ ಆ ಗದ್ದೆಯಲ್ಲಿ ಪಡಿ ಹೇಳಿದವಳೇ. ಮೂರು ಸಂಜೆ ಸೇರಿ ಹದಿನೆಂಟು ಪುಟ ಆಯಿತು. ನಡುನಡುವೆ ಬಿಟ್ಟು ಹೋಗಿದೆ, ಇರಲಿ. ಮೊದಲ ಪುಟದಲ್ಲಿ ಅಜ್ಜಿಯ ಹೆಸರು ಬರೆಯಲೇ ಎಂದು ಕೇಳಿದೆ. ಈ ಬಾರಿ ಕೇಳುವುದನ್ನು ಮರೆಯಲಿಲ್ಲ. "ಬರೆ, ಮನೆಯ ಪುಸ್ತಕದಲ್ಲಿ ಇರಲಿ. ಊರಿನವರಿಗೆಲ್ಲ ಮೊಬೈಲಿನಲ್ಲಿ ಹಾಕುವುದು ಬೇಡ, ಅವಳಿಗೆ ಫೋಟೋ ತೆಗೆಯುವುದೂ ಆಗುತ್ತಿರಲಿಲ್ಲ" ಎಂದಳು. ಆದ್ದರಿಂದ ಆ ಹೆಸರು ಈ ಲೇಖನದಲ್ಲಿ ಇಲ್ಲ.

ನಾನು ಹೆಸರು ಬರೆದು ಪೆನ್ನು ಮುಚ್ಚುತ್ತಿದ್ದೆ. ಅಮ್ಮ ಕನ್ನಡಕ ಸರಿಮಾಡಿಕೊಂಡು ಪುಟ ನೋಡಿ, "ಇಷ್ಟೇ ಆದರೆ ಹೇಗೆ? ಅವಳೊಬ್ಬಳೇ ಹಾಡಿದ್ದಾ?" ಎಂದಳು. ಆಮೇಲೆ ಬೆರಳು ಮಡಚುತ್ತಾ ಆ ದಿನ ಗದ್ದೆಯಲ್ಲಿ ಪಡಿ ಹೇಳಿದವರ ಹೆಸರುಗಳನ್ನು ಒಂದೊಂದಾಗಿ ಹೇಳಿದಳು. ಏಳು ಹೆಸರುಗಳು. ಎಂಟನೆಯದು ಅವಳದೇ. ಅದನ್ನು ಅವಳು ಹೇಳಲಿಲ್ಲ, ಕೇಳಿ ಬರೆದುಕೊಂಡೆ.